ಬುದ್ಧಿಯನ್ನು ಅಳೆಯುವ ಮೊದಲು ಕಿವಿಯನ್ನು ನೋಡಿ

ನಮ್ಮ ಪಾಠಶಾಲೆಗಳ ದಾಖಲೆ ಪುಸ್ತಕಗಳಲ್ಲಿ ಕಟ್ಟಕಡೆಗೆ ‘ಷರಾ’ ಎಂಬುದೊಂದು ಅಂಕಣವಿರುತ್ತದೆ. ಅಗಲದಲ್ಲಿ ಅದು ಎರಡು ಅಂಗುಲಕ್ಕೆ ಮೀರದು. ಆದರೆ ಆ ಎರಡು ಅಂಗುಲದಲ್ಲಿ ಉಪಾಧ್ಯಾಯರಾದ ನಾವು ಬರೆಯುವ ಒಂದೇ ಒಂದು ಪದವು ಒಂದು ಮಗುವಿನ ಇಡೀ ಬಾಳನ್ನು ಆವರಿಸಿಕೊಳ್ಳಬಲ್ಲದು. ‘ಮಂದಬುದ್ಧಿ’ ಎಂದು ಒಮ್ಮೆ ಬರೆದರೆ ಮುಗಿಯಿತು. ಮುಂದಿನ ತರಗತಿಯ ಉಪಾಧ್ಯಾಯರು ಅದನ್ನು ನೋಡಿ ಬರೆದುಕೊಳ್ಳುತ್ತಾರೆ. ಅವರ ಮುಂದಿನವರು ಅವರದನ್ನು. ಹಾಗೆ ಬರೆದವರಲ್ಲಿ ಎಷ್ಟು ಮಂದಿ ಆ ಮಗುವಿನ ಕಿವಿಯನ್ನು ಒಮ್ಮೆಯಾದರೂ ವೈದ್ಯರಿಂದ ನೋಡಿಸಿದ್ದಾರೆ? ಹೊಸೂರು, ಡೆಂಕಣಿಕೋಟೆ, ತಳಿ ಪ್ರಾಂತದ ಕನ್ನಡ ಪಾಠಶಾಲೆಗಳ ಸಹೋದ್ಯೋಗಿಗಳನ್ನು ನಾವು ಈ ಪ್ರಶ್ನೆ ಕೇಳುತ್ತಿದ್ದೇವೆ. ಮೊದಲು ನಮ್ಮನ್ನೇ ಕೇಳಿಕೊಂಡು, ಉತ್ತರ ಕೊಡಲಾರದೆ, ಆಮೇಲೆ ಅವರನ್ನು ಕೇಳುತ್ತಿದ್ದೇವೆ.

ನಾವೂ ಹಾಗೆ ಬರೆದವರೇ. ಮೂರನೆಯ ತರಗತಿಯಲ್ಲಿ ನಮ್ಮ ಬಳಿ ಒಬ್ಬ ಹುಡುಗನಿದ್ದ. ಅವನ ಕಿವಿ ಸೋರುತ್ತಿತ್ತು. ವಾಸನೆಯೆಂದು ಉಳಿದ ಮಕ್ಕಳು ಮೂಗು ಮುಚ್ಚಿಕೊಂಡಾಗ ನಾವು ಅವನನ್ನು ಕೊನೆಯ ಸಾಲಿಗೆ, ಬಾಗಿಲ ಬಳಿಗೆ ಕಳುಹಿಸಿದೆವು. ಅಲ್ಲಿಂದ ಅವನು ಯಾವ ಪ್ರಶ್ನೆಗೂ ಉತ್ತರ ಕೊಡಲಿಲ್ಲ. ಕೊಡಲಿಲ್ಲವಾದ್ದರಿಂದ ಅವನಿಗೆ ಬುದ್ಧಿಯಿಲ್ಲವೆಂದು ತೀರ್ಮಾನಿಸಿ ಷರಾ ಬರೆದೆವು. ಕಿವಿ ಸೋರುವ ಹುಡುಗನನ್ನು ಕೇಳಿಸದಷ್ಟು ದೂರ ಕೂರಿಸಿ, ಕೇಳಿಸಿಕೊಳ್ಳಲಿಲ್ಲವೆಂದು ಅವನ ತಲೆಯನ್ನು ದೂರಿದ ಆ ತರ್ಕವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಎರಡು ವರ್ಷಗಳ ಮೇಲೆ ವರ್ಗವಾಗಿ ಬಂದ ಉಪಾಧ್ಯಾಯಿನಿಯೊಬ್ಬರು, ತಾವು ಎದುರು ನಿಂತು ಮುಖ ತೋರಿಸಿ ಮಾತನಾಡಿದಾಗ ಅವನು ಅಷ್ಟಿಷ್ಟು ಉತ್ತರ ಕೊಡುವುದನ್ನೂ, ಕರಿಹಲಗೆಯ ಕಡೆ ತಿರುಗಿ ಮಾತನಾಡಿದಾಗ ಸುಮ್ಮನಾಗುವುದನ್ನೂ ಗಮನಿಸಿದರು. ಅವನ ತಂದೆಯನ್ನು ಕಾಡಿ ಬೇಡಿ ವೈದ್ಯರ ಬಳಿಗೆ ಕಳುಹಿಸಿದರು. ಎರಡು ಕಿವಿಯ ತಮಟೆಗಳಲ್ಲಿಯೂ ರಂಧ್ರಗಳಿದ್ದವು.

ಮುಂದಿನದನ್ನು ಪ್ರಾಮಾಣಿಕವಾಗಿ ಹೇಳಬೇಕು. ಏಕೆಂದರೆ ಇಂತಹ ಕಥೆಗಳನ್ನು ಹೇಳುವವರು ಇಲ್ಲಿಗೆ ಬಂದೊಡನೆ ಪವಾಡವನ್ನು ಕರೆದು ತರುತ್ತಾರೆ. ಕಿವಿಗೆ ಚಿಕಿತ್ಸೆಯಾಯಿತು, ಸೋರುವುದು ನಿಂತಿತು, ಶ್ರವಣಯಂತ್ರ ಬಂತು. ಹುಡುಗ ತರಗತಿಗೆ ಮೊದಲಿಗನಾದನೇ? ಇಲ್ಲ. ಅವನ ಬುದ್ಧಿ ನಿಜವಾಗಿಯೂ ಮಂದವೇ ಆಗಿತ್ತು. ಕಳೆಯುವ ಲೆಕ್ಕ ಅವನಿಗೆ ಕಡೆಯವರೆಗೂ ಒಲಿಯಲಿಲ್ಲ. ಆದರೆ ಹೆಸರು ಹಿಡಿದು ಕೂಗಿದರೆ ತಿರುಗಿ ನೋಡಿದ. ಅಂಗಡಿಗೆ ಹೋಗಿ ಹೇಳಿದ ಸಾಮಾನನ್ನು ತಂದ. ಮಾತಿಗೆ ಮೊದಲು ಕೈ ಎತ್ತಿ ಹೊಡೆಯುವ ಅಭ್ಯಾಸ ತಾನಾಗಿ ಕಡಿಮೆಯಾಯಿತು. ಅವನಲ್ಲಿ ಎರಡು ಕೊರತೆಗಳಿದ್ದವು. ನಾವು ಒಂದನ್ನು ಕಂಡು, ಎರಡನೆಯದನ್ನು ಅದರೊಳಗೇ ಹೂತುಬಿಟ್ಟಿದ್ದೆವು.

ಈ ಲೇಖನದ ವಾದವಿಷ್ಟೆ. ಬುದ್ಧಿಮಾಂದ್ಯವೆಂಬ ಹೆಸರು ಬಿದ್ದೊಡನೆ ಆ ವ್ಯಕ್ತಿಯ ಎಲ್ಲ ತೊಂದರೆಗಳನ್ನೂ ಆ ಒಂದೇ ಹೆಸರಿನ ಖಾತೆಗೆ ಜಮಾ ಮಾಡುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಕರೆದರೆ ಬರಲಿಲ್ಲವೇ? ಬುದ್ಧಿಯಿಲ್ಲ. ಮಾತು ಬರಲಿಲ್ಲವೇ? ಬುದ್ಧಿಯಿಲ್ಲ. ಕಿವಿಯನ್ನು ಕೈಯಿಂದ ಬಡಿದುಕೊಳ್ಳುತ್ತಾನೆಯೇ? ಅದೂ ಬುದ್ಧಿಯಿಲ್ಲದ್ದಕ್ಕೇ. ‘ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ’ ಎಂಬ ಗಾದೆಯನ್ನು ನಾವು ತರಗತಿಯಲ್ಲಿ ದಿನಕ್ಕೆ ಹತ್ತು ಸಲ ಆಡುತ್ತೇವೆ. ಆ ಕೋಣಕ್ಕೆ ಕಿವಿ ಕೇಳಿಸುತ್ತಿತ್ತೇ ಎಂದು ಗಾದೆ ಮಾಡಿದವರೂ ವಿಚಾರಿಸಲಿಲ್ಲ, ಆಡುವವರೂ ವಿಚಾರಿಸುತ್ತಿಲ್ಲ. ಕಿವಿ ನೆಟ್ಟಗಾದರೆ ಬುದ್ಧಿಯೂ ನೆಟ್ಟಗಾಗುತ್ತದೆಂದು ಸಾರುವ ಔಷಧದ ವ್ಯಾಪಾರಿಗಳು ನಾವಲ್ಲ. ಬುದ್ಧಿ ಕಡಿಮೆಯಿರುವ ಮನುಷ್ಯನಿಗೆ ಕಿವಿಯಾದರೂ ಪೂರ್ತಿ ಇರಲಿ ಎಂಬುದು ನಮ್ಮ ಮಾತು.

ಈ ಎರಡು ಕೊರತೆಗಳು ಜೊತೆಯಾಗಿ ಬರುವುದು ಅಪರೂಪವೆಂದು ಯಾರಾದರೂ ಭಾವಿಸಿದ್ದರೆ ಅದು ದೊಡ್ಡ ತಪ್ಪು. ಡೌನ್ ಲಕ್ಷಣವುಳ್ಳ ಮಕ್ಕಳನ್ನು ನಮ್ಮ ಊರುಗಳಲ್ಲಿ ಎಲ್ಲರೂ ಕಂಡಿದ್ದೇವೆ. ಚಪ್ಪಟೆ ಮುಖ, ಓರೆಯಾದ ಕಣ್ಣು, ಸದಾ ನಗು. ಅವರ ಕಿವಿಯ ನಾಳ ಹುಟ್ಟಿನಿಂದಲೇ ಇಕ್ಕಟ್ಟು. ಅದರಲ್ಲಿ ಗುಗ್ಗೆ ಬೇಗ ಕಟ್ಟಿಕೊಳ್ಳುತ್ತದೆ. ತಮಟೆಯ ಹಿಂದೆ ಅಂಟಿನಂತಹ ದ್ರವ ಪದೇ ಪದೇ ನಿಲ್ಲುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಲೆಕ್ಕದಂತೆ ಇಂತಹ ಮಕ್ಕಳಲ್ಲಿ ನೂರಕ್ಕೆ 75ರವರೆಗೂ ಒಂದಲ್ಲ ಒಂದು ಬಗೆಯ ಶ್ರವಣದೋಷ ಕಾಣಬಹುದು. ಆದುದರಿಂದ ಎಳವೆಯಲ್ಲಿ ಆರು ತಿಂಗಳಿಗೊಮ್ಮೆ, ಎರಡು ಕಿವಿಗಳೂ ಸರಿಯೆಂದು ಖಚಿತವಾದ ಮೇಲೆ ವರ್ಷಕ್ಕೊಮ್ಮೆ, ಅವರ ಕಿವಿಯನ್ನು ಪರೀಕ್ಷಿಸಬೇಕೆಂದು ಆ ವೈದ್ಯರು ಹೇಳುತ್ತಾರೆ. ಇನ್ನು ಗರ್ಭಿಣಿಗೆ ತಗಲುವ ರುಬೆಲ್ಲಾ, ಹಸುಳೆಗೆ ಏರುವ ತೀವ್ರ ಕಾಮಾಲೆ, ಮಿದುಳಿನ ಪೊರೆಗೆ ತಗಲುವ ಜ್ವರ, ಇವೆಲ್ಲ ಬುದ್ಧಿಯನ್ನೂ ಕಿವಿಯನ್ನೂ ಒಂದೇ ಏಟಿಗೆ ಕೆಡಿಸಬಲ್ಲ ವ್ಯಾಧಿಗಳು. (ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನವು ತಮಿಳುನಾಡಿನಲ್ಲಿಯೂ ಕರ್ನಾಟಕದಲ್ಲಿಯೂ 2017ರ ಫೆಬ್ರವರಿಯಲ್ಲಿ ಒಟ್ಟಿಗೆ ಆರಂಭವಾಯಿತು, ಅದಕ್ಕೆ ಮುಂಚೆ ಹುಟ್ಟಿದವರು ಇನ್ನೂ ನಮ್ಮ ತರಗತಿಗಳಲ್ಲಿಯೇ ಇದ್ದಾರೆ.)

ಬುದ್ಧಿಮಾಂದ್ಯವುಳ್ಳವರಿಗಾಗಿಯೇ ನಡೆಯುವ ‘ಸ್ಪೆಷಲ್ ಒಲಿಂಪಿಕ್ಸ್’ ಕ್ರೀಡಾಕೂಟಗಳಲ್ಲಿ ಆಟಗಾರರ ಕಿವಿಯನ್ನೂ ತಪಾಸಣೆ ಮಾಡುವ ಏರ್ಪಾಡಿದೆ. 2006ರಲ್ಲಿ ಜರ್ಮನಿಯ ಕೂಟವೊಂದರಲ್ಲಿ ಐನೂರಕ್ಕೂ ಮಿಕ್ಕ ಆಟಗಾರರನ್ನು ಹೀಗೆ ಪರೀಕ್ಷಿಸಿದಾಗ ಸುಮಾರು ಕಾಲು ಭಾಗದವರು ತೇರ್ಗಡೆಯಾಗಲಿಲ್ಲ. ಸುಮಾರು ಅರ್ಧದಷ್ಟು ಜನರ ಕಿವಿಯಿಂದ ಗುಗ್ಗೆ ತೆಗೆಯಬೇಕಾಯಿತು. ವೈದ್ಯರಿಗೂ ಯಂತ್ರಗಳಿಗೂ ಬರವಿಲ್ಲದ ದೇಶದ ಕಥೆಯಿದು. ಅದೂ ಓಡಿ ಆಡಿ ಪದಕ ಗೆಲ್ಲುವಷ್ಟು ಗಟ್ಟಿಮುಟ್ಟಾದವರ ಕಥೆ. ಅಂಚೆಟ್ಟಿಯ ಆಚೆ, ಬಸ್ಸು ದಿನಕ್ಕೆ ಎಣಿಸಿದಷ್ಟೇ ಸಲ ಬರುವ ಹಳ್ಳಿಯಲ್ಲಿ ಜಗಲಿಯ ಮೇಲೆ ಕುಳಿತಿರುವ ನಮ್ಮ ಮಗುವಿನ ಕಿವಿಯ ಸ್ಥಿತಿಯನ್ನು ವಾಚಕರೇ ಊಹಿಸಿಕೊಳ್ಳಲಿ.

‘ಪೂರ್ತಿ ಕಿವುಡನಾಗಿದ್ದರೆ ನಮಗೆ ತಿಳಿಯುತ್ತಿರಲಿಲ್ಲವೇ? ಇವನಿಗೆ ಸ್ವಲ್ಪ ಕೇಳಿಸುತ್ತದೆ’ ಎನ್ನುವವರಿದ್ದಾರೆ. ಆ ‘ಸ್ವಲ್ಪ’ ಎಂಬುದರಲ್ಲಿಯೇ ಅಪಾಯವಿರುವುದು. ಕನ್ನಡ ಕಲಿಸುವ ನಾವು ಇದನ್ನು ಇತರರಿಗಿಂತ ಚೆನ್ನಾಗಿ ಅರಿಯಬೇಕು. ನಮ್ಮ ಭಾಷೆಯಲ್ಲಿ ಅರ್ಥದ ಮುಖ್ಯ ಭಾರವನ್ನು ಹೊರುವುದು ಪದದ ಬಾಲ. ‘ಮನೆಗೆ’, ‘ಮನೆಯಿಂದ’, ‘ಮನೆಯಲ್ಲಿ’ ಎಂಬಲ್ಲಿ ಮೊದಲ ಭಾಗ ಕೇಳಿಸಿ ಕೊನೆಯ ಭಾಗ ಮಾಸಿಹೋದರೆ ಹೋಗಬೇಕೋ ಬರಬೇಕೋ ಇರಬೇಕೋ ತಿಳಿಯುವುದಿಲ್ಲ. ಅಲ್ಪ ಶ್ರವಣದೋಷದಲ್ಲಿ ಸಾಮಾನ್ಯವಾಗಿ ಮೊದಲು ಕಳೆದುಹೋಗುವುದು ಸಕಾರ, ಶಕಾರ, ತಕಾರ, ಕಕಾರಗಳಂತಹ ತೆಳು ದನಿಗಳು. ಉಳಿಯುವುದು ಸ್ವರಗಳ ಗುಂಯ್‌ಗುಡುವಿಕೆ. ‘ತಟ್ಟೆ’ಯೂ ‘ಕಟ್ಟೆ’ಯೂ ಒಂದೇ ಆಗುತ್ತವೆ. ‘ಕೊಡು’ ಎಂದದ್ದು ‘ಕುಡಿ’ ಎಂದಂತಾಗುತ್ತದೆ. ಚುರುಕು ಬುದ್ಧಿಯ ಮಗು ಇಂತಹ ತೂತುಗಳನ್ನು ಊಹೆಯಿಂದ ತುಂಬಿಕೊಳ್ಳುತ್ತದೆ. ಕೈಯಲ್ಲಿ ಲೋಟವಿಲ್ಲ, ಆದ್ದರಿಂದ ‘ಕುಡಿ’ ಎಂದಿರಲಾರರು ಎಂದು ಲೆಕ್ಕ ಹಾಕುತ್ತದೆ. ಬುದ್ಧಿ ನಿಧಾನವಾದ ಮಗುವಿಗೆ ಆ ಊಹೆಯ ಬಲವೇ ಇಲ್ಲ. ಆದುದರಿಂದ ಇತರರಿಗೆ ಅಲ್ಪವೆನಿಸುವ ದೋಷ ಅದಕ್ಕೆ ಅಲ್ಪವಲ್ಲ. ಕಿವಿಯ ಪರೀಕ್ಷೆಯ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ಇರುವುದು ಇವರಿಗೆ; ನಾವೋ ಎಲ್ಲರಿಗಿಂತ ಕೊನೆಗೆ ಇವರನ್ನು ಕಳುಹಿಸುತ್ತೇವೆ.

ಕಾಯಿದೆಯೂ ಇಲ್ಲಿ ನೆರವಿಗೆ ಬರುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ವಿಕಲತೆಗಳನ್ನು ಹೆಸರಿಸಿದೆ; ಬೌದ್ಧಿಕ ವಿಕಲತೆಯೂ ಅದರಲ್ಲಿದೆ, ಶ್ರವಣದೋಷವೂ ಇದೆ, ಒಂದಕ್ಕಿಂತ ಹೆಚ್ಚು ವಿಕಲತೆ ಇರುವವರಿಗೂ ಸ್ಥಾನವಿದೆ. ಒಳ್ಳೆಯದೇ. ಆದರೆ ಶ್ರವಣದೋಷವೆಂದು ಪ್ರಮಾಣಪತ್ರ ಪಡೆಯಬೇಕಾದರೆ ಎರಡು ಕಿವಿಗಳಲ್ಲಿಯೂ 60 ಡೆಸಿಬೆಲ್ಲಿಗೆ ಕಡಿಮೆಯಿಲ್ಲದ ನಷ್ಟವಿರಬೇಕು. ಎದುರು ಕುಳಿತು ಆಡುವ ಸಾಧಾರಣ ಮಾತಿನ ಗಟ್ಟಿಯೇ ಸುಮಾರು 60 ಡೆಸಿಬೆಲ್. ಎಂದರೆ 45 ಡೆಸಿಬೆಲ್ ಕಳೆದುಕೊಂಡ ಮಗುವಿಗೆ ಉಪಾಧ್ಯಾಯರ ಮಾತು ಪಿಸುಮಾತಿಗಿಂತಲೂ ಮೆಲ್ಲನೆ ತಲುಪುತ್ತದೆ. ಕಾಯಿದೆಯ ಕಣ್ಣಿಗೆ ಮಾತ್ರ ಅದರ ಕಿವಿ ಸರಿಯಾಗಿದೆ! ಪ್ರಮಾಣಪತ್ರ ಸಿಗದಿದ್ದರೆ ಚಿಕಿತ್ಸೆಯೂ ಬೇಡವೆಂದು ಸುಮ್ಮನಾಗುವುದು ನಮ್ಮ ಜನರ ಸ್ವಭಾವ. ಪತ್ರ ಬೇರೆ, ಕಿವಿ ಬೇರೆ ಎಂದು ಅವರಿಗೆ ತಿಳಿಯಹೇಳಬೇಕಾದವರು ಯಾರು?

ಈಗ ವಿರೋಧಿಗಳ ಮುಖ್ಯ ಆಕ್ಷೇಪಣೆಗೆ ಬರೋಣ. ‘ಇಂತಹ ಮಕ್ಕಳ ಕಿವಿಯನ್ನು ಪರೀಕ್ಷಿಸುವುದಾದರೂ ಹೇಗೆ? ಕೇಳಿಸಿತೇ ಎಂದರೆ ಹೌದೆನ್ನಲಾರರು, ಇಲ್ಲವೆನ್ನಲಾರರು.’ ಬಹಳ ಕಾಲ ವೈದ್ಯರೂ ಹೀಗೆಯೇ ಹೇಳಿ ಕೈ ತೊಳೆದುಕೊಂಡರು. ಆದರೆ 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಎಂಬ ವಿಜ್ಞಾನಿ ಒಂದು ಸೋಜಿಗದ ಸಂಗತಿಯನ್ನು ಪ್ರಕಟಿಸಿದರು. ಆರೋಗ್ಯವಾದ ಕಿವಿ ದನಿಯನ್ನು ಕೇಳುವುದಷ್ಟೇ ಅಲ್ಲ, ಕೇಳಿದ್ದಕ್ಕೆ ಅತಿ ಸೂಕ್ಷ್ಮವಾದ ಮಾರ್ದನಿಯನ್ನೂ ಹೊರಗೆ ಕಳುಹಿಸುತ್ತದೆ. ಕಿವಿಯ ದ್ವಾರದಲ್ಲಿ ಪುಟ್ಟ ಬಿರಡೆಯೊಂದನ್ನಿಟ್ಟು, ಅದರಿಂದ ಮೆಲ್ಲಗೆ ಟಿಕ್ ಟಿಕ್ ದನಿ ಮಾಡಿ, ಮರಳಿ ಬರುವ ಮಾರ್ದನಿಯನ್ನು ಯಂತ್ರ ಹಿಡಿದುಕೊಳ್ಳುತ್ತದೆ. ಮಗು ಏನನ್ನೂ ಹೇಳಬೇಕಾಗಿಲ್ಲ. ಕೆಲವು ನಿಮಿಷ ಅಲುಗದೆ ಇದ್ದರೆ ಸಾಕು, ನಿದ್ರೆಯಲ್ಲಿದ್ದರೆ ಇನ್ನೂ ಮೇಲು. ಹಣೆಯ ಮೇಲೂ ಕಿವಿಯ ಹಿಂದೆಯೂ ತಂತಿಗಳನ್ನು ಅಂಟಿಸಿ, ದನಿ ನರದ ಮೂಲಕ ಮಿದುಳಿನ ಬುಡವನ್ನು ಮುಟ್ಟಿತೇ ಎಂದು ನೋಡುವ ಇನ್ನೊಂದು ಪರೀಕ್ಷೆಯೂ ಇದೆ. ಇವೆರಡೂ ಹುಟ್ಟಿದ ಕೂಸಿಗೇ ಆಗುತ್ತವೆಂದ ಮೇಲೆ ಹನ್ನೆರಡು ವರ್ಷದ ಬುದ್ಧಿಮಾಂದ್ಯ ಹುಡುಗನಿಗೆ ಏಕಾಗಬಾರದು? ಯಂತ್ರವೇ ಇಲ್ಲದೆಡೆಯಲ್ಲಿಯೂ, ದನಿ ಕೇಳಿದಾಗಲೆಲ್ಲ ಬುಟ್ಟಿಗೊಂದು ಗೋಲಿ ಹಾಕುವುದನ್ನು ಆಟವಾಗಿ ಕಲಿಸಿ ಪರೀಕ್ಷಿಸುವ ಕ್ರಮವನ್ನು ಶ್ರವಣತಜ್ಞರು ಬಲ್ಲರು. ಅದಕ್ಕೆ ಬೇಕಾಗಿರುವುದು ತಾಳ್ಮೆ. ಹಾಗಿರಲು ‘ಪರೀಕ್ಷೆ ಸಾಧ್ಯವಿಲ್ಲ’ ಎಂಬ ಷರಾಕ್ಕೆ ‘ನಮಗೆ ಬಿಡುವಿಲ್ಲ’ ಎಂಬುದಲ್ಲದೆ ಬೇರೆ ಅರ್ಥ ಕಾಣುವುದಿಲ್ಲ.

ಬುದ್ಧಿಯ ಪರೀಕ್ಷೆಯ ಇತಿಹಾಸವೂ ನಮಗೊಂದು ಪಾಠ ಹೇಳುತ್ತದೆ. ಪ್ಯಾರಿಸ್ಸಿನಲ್ಲಿ ಬಿನೆ ಎಂಬವರು 1905ರಲ್ಲಿ ಇದನ್ನು ರಚಿಸಿದ್ದು ಪಾಠಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದಕ್ಕಾಗಿ. 1930ರ ದಶಕದಲ್ಲಿ ವಿ. ವಿ. ಕಾಮತ್ ಅವರು ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಅಳವಡಿಸಿದರು. ಬಿನೆ-ಕಾಮತ್ ಪರೀಕ್ಷೆಯೆಂದು ಅದು ಇಂದಿಗೂ ಬಳಕೆಯಲ್ಲಿದೆ. ಭಾರತೀಯ ಮಕ್ಕಳ ಬುದ್ಧಿಯನ್ನು ಅಳೆಯುವ ಆ ಹೆಸರಾಂತ ಸಾಧನ ಕನ್ನಡದಲ್ಲಿ ರೂಪುಗೊಂಡಿತೆಂಬುದು ಹೆಮ್ಮೆಯ ವಿಷಯ. ಆದರೆ ಅದನ್ನು ಅಳವಡಿಸುವ ಶ್ರಮ ಏಕೆ ಬೇಕಾಯಿತು? ಬೇರೆ ನುಡಿಯ ಪ್ರಶ್ನೆಗೆ ಕನ್ನಡದ ಮಗು ಉತ್ತರ ಕೊಡದಿದ್ದರೆ ಅದು ಬುದ್ಧಿಯ ಕೊರತೆಯಲ್ಲವೆಂಬ ಸರಳ ನ್ಯಾಯಕ್ಕಾಗಿ. ಮೇಲಾಗಿ ಆ ಪರೀಕ್ಷೆಯ ಬಹುಭಾಗ ಬಾಯಿಂದ ಕೇಳುವ ಪ್ರಶ್ನೆಗಳೇ. ಕೇಳಿಸದ ಮಗುವಿನ ಮುಂದೆ ಅವನ್ನು ಓದಿ ಅಂಕ ಹಾಕಿದರೆ ಕಿವಿಯ ನಷ್ಟವೇ ಬುದ್ಧಿಯ ನಷ್ಟವಾಗಿ ಕಾಗದಕ್ಕೆ ಇಳಿಯುತ್ತದೆ. ಮರದ ಆಕಾರಗಳನ್ನು ಅವುಗಳ ಗುಳಿಗಳಲ್ಲಿ ಕೂರಿಸುವ ಸೆಗ್ವಿನ್ ಹಲಗೆಯಂತಹ ಮಾತಿಲ್ಲದ ಪರೀಕ್ಷೆಗಳೂ ಇವೆ. ಬಲ್ಲ ತಜ್ಞರು ಅವನ್ನು ಬಳಸುತ್ತಾರೆ. ಆದರೆ ಒಂದೇ ದಿನ ನೂರಾರು ಜನರನ್ನು ಸಾಲು ನಿಲ್ಲಿಸುವ ಶಿಬಿರದಲ್ಲಿ ಬಲ್ಲವರಿಗೂ ವೇಳೆಯೆಲ್ಲಿ?

ಅಂತಹ ಶಿಬಿರವೊಂದಕ್ಕೆ ತಳಿಯ ಕಡೆಯ ಒಬ್ಬ ಹುಡುಗಿಯ ಜೊತೆಯಲ್ಲಿ ನಾವು ಹೋಗಬೇಕಾಗಿತ್ತು. ಪಾಠಶಾಲೆಯ ಕೆಲಸದ ನೆಪದಿಂದ ಹೋಗಲಿಲ್ಲ, ತಾಯಿಯೊಬ್ಬಳೇ ಕರೆದೊಯ್ದಳು. ಹುಡುಗಿ ಡೌನ್ ಲಕ್ಷಣವುಳ್ಳವಳು. ಮನೆಯ ಮಾತು ಕನ್ನಡ. ಪರೀಕ್ಷಿಸಿದವರು ತಮಿಳಿನವರು, ಸಜ್ಜನರು, ಮಗುವಿಗೆ ಬಿಸ್ಕತ್ತು ಕೊಟ್ಟವರು. ದೇಹದ ಅಂಗಗಳನ್ನು ತೋರಿಸೆಂದು ತಮಿಳಿನಲ್ಲಿ ಕೇಳಿದರು. ಕಣ್ಣು, ಕೈ, ತಲೆ, ಮೂಗು, ಇವು ಎರಡು ಭಾಷೆಗಳಲ್ಲಿಯೂ ಅಕ್ಕತಂಗಿಯರಂತಹ ಪದಗಳು. ಹುಡುಗಿ ತಡವರಿಸಿಯಾದರೂ ಸರಿಯಾಗಿ ತೋರಿಸಿದಳು. ಆಮೇಲೆ ‘ಕಾದು’ ಎಲ್ಲಿ ಎಂದರು. ತಮಿಳಿನಲ್ಲಿ ಕಾದು ಎಂದರೆ ಕಿವಿ. ಹುಡುಗಿ ಒಂದು ಗಳಿಗೆ ಯೋಚಿಸಿ, ಎದ್ದು ಕಿಟಕಿಯ ಬಳಿಗೆ ಹೋಗಿ, ಗುಡ್ಡದ ಮೇಲಿನ ಮರಗಳ ಕಡೆಗೆ ಬೆರಳು ಮಾಡಿದಳಂತೆ. ಪರೀಕ್ಷಿಸಿದವರು ತಲೆಯಾಡಿಸಿ ಏನನ್ನೋ ಬರೆದುಕೊಂಡರು. ತಾಯಿ ಮರುದಿನ ಬಂದು ನಮ್ಮನ್ನು ಕೇಳಿದಳು: “ಕಾಡು ಎಲ್ಲೈತೆ ಅಂದ್ರು ಮೇಷ್ಟ್ರೆ, ಅವಳು ತೋರ್ಸಿದ್ಲು. ಅದ್ರಾಗೆ ತಪ್ಪೇನೈತೆ?”

ತಪ್ಪೇನೂ ಇಲ್ಲವಮ್ಮ ಎಂದೆವು. ಆದರೆ ಆ ಒಂದು ಬೆರಳಿನಲ್ಲಿ ಎಷ್ಟು ಸಂಗತಿಗಳಿದ್ದವೆಂದು ಆಮೇಲೆ ಯೋಚಿಸಿದೆವು. ಪ್ರಶ್ನೆಯೆಂಬುದು ಅವಳಿಗೆ ತಿಳಿದಿತ್ತು. ತನ್ನ ಭಾಷೆಯಲ್ಲಿ ಅದಕ್ಕೊಂದು ಅರ್ಥ ಹುಡುಕಿದಳು. ಉತ್ತರ ಕೋಣೆಯೊಳಗಿಲ್ಲವೆಂದು ಅರಿತು ಹೊರಗೆ ನೋಡಿದಳು. ಇದು ಬುದ್ಧಿಯ ಕೆಲಸವಲ್ಲದೆ ಮತ್ತೇನು? ಇನ್ನೊಂದು ಸಂಗತಿಯೂ ಇತ್ತು. ‘ಕಾದು’ ‘ಕಾಡು’ಗಳ ನಡುವಣ ಭೇದ ಅವಳ ಕಿವಿಗೆ ಬಿದ್ದಿತ್ತೋ ಇಲ್ಲವೋ ಎಂಬುದು ವಿಚಾರಿಸಬೇಕಾದ ಮಾತಾಗಿತ್ತು. ಅದನ್ನು ಯಾರೂ ವಿಚಾರಿಸಲಿಲ್ಲ. ತಿಂಗಳುಗಳ ಮೇಲೆ ಕನ್ನಡ ಬಲ್ಲ ಶ್ರವಣತಜ್ಞೆಯೊಬ್ಬರು ನೋಡಿದಾಗ ಎರಡು ಕಿವಿಗಳಲ್ಲಿಯೂ ತಮಟೆಯ ಹಿಂದೆ ದ್ರವ ನಿಂತಿರುವುದು ತಿಳಿಯಿತು. ಅಂದರೆ ಒಂದು ತಪ್ಪು ಉತ್ತರದ ಹಿಂದೆ ಭಾಷೆ, ಕಿವಿ, ಬುದ್ಧಿ ಎಂಬ ಮೂರು ಕಾರಣಗಳು ಸಾಧ್ಯವಿದ್ದವು. ಕಾಗದದ ಮೇಲೆ ಬಿದ್ದದ್ದು ಮೂರನೆಯದೊಂದೇ.

ತಮಿಳಿನ ಮೇಲೆ ನಮಗೆ ದ್ವೇಷವಿಲ್ಲ. ಇಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ನಡೆಯುತ್ತವೆ. ಹಾಲಿನವನೊಡನೆ ಒಂದು, ನೆರೆಯವರೊಡನೆ ಇನ್ನೊಂದು. ಆ ವೈದ್ಯರೂ ಗೊತ್ತಿದ್ದ ಭಾಷೆಯಲ್ಲಿ ತಮ್ಮ ಕೆಲಸ ಮಾಡಿದರು. ನಮ್ಮ ದೂರು ಕನ್ನಡದ ಅಭಿಮಾನಿಗಳಾದ ನಮ್ಮ ಮೇಲೆಯೇ. ಸಂವಿಧಾನದ 350ಎ ವಿಧಿಯನ್ನು ಸಭೆ ಸಭೆಗಳಲ್ಲಿ ಎತ್ತಿ ಹೇಳುವವರು ನಾವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಒದಗಿಸಬೇಕೆಂದು 1956ರ ತಿದ್ದುಪಡಿಯಲ್ಲಿ ಸೇರಿದ ವಿಧಿಯದು. 2006ರ ತಮಿಳು ಕಲಿಕೆ ಕಾಯಿದೆ ಬಂದಾಗ ಅಲ್ಪಸಂಖ್ಯಾತ ಭಾಷೆಗಳವರು ಅರ್ಜಿ ಬರೆದರು, ನ್ಯಾಯಾಲಯಕ್ಕೂ ಹೋದರು. ಅದೆಲ್ಲ ಸರಿಯೇ. ಆದರೆ ಮಾತೃಭಾಷೆಯಲ್ಲಿ ಕಲಿಯುವ ಹಕ್ಕಿಗಾಗಿ ಇಷ್ಟು ಗಂಟಲು ಸವೆಸಿದ ನಾವು, ಮಾತೃಭಾಷೆಯಲ್ಲಿ ಪರೀಕ್ಷಿಸಲ್ಪಡುವ ಹಕ್ಕಿನ ವಿಷಯದಲ್ಲಿ ಒಂದು ಕಾಗದವನ್ನಾದರೂ ಬರೆದಿದ್ದೇವೆಯೇ? ರಾಜ್ಯೋತ್ಸವದ ದಿನ ವೇದಿಕೆಯಿಂದ ‘ಕನ್ನಡ ಕಿವಿಗೆ ಇಂಪು’ ಎಂದು ಭಾಷಣ ಮಾಡುತ್ತೇವೆ. ಕಿವಿಗೆ ಬೀಳದ ಕನ್ನಡದ ಇಂಪನ್ನು ಆ ಹುಡುಗಿಗೆ ಯಾರು ವಿವರಿಸುವರು?

ಸಾಧನಗಳಿಲ್ಲವೆಂಬ ನೆವವೂ ನಡೆಯದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಯಾದದ್ದು 1965ರಲ್ಲಿ. ದೇಶಕ್ಕೆಲ್ಲ ಶ್ರವಣತಜ್ಞರನ್ನು ತಯಾರು ಮಾಡುವ ಆ ಸಂಸ್ಥೆಯಲ್ಲಿ ಕನ್ನಡದ ಮಕ್ಕಳಿಗಾಗಿ ಕನ್ನಡ ಪದಗಳ ಪಟ್ಟಿಗಳು ತಯಾರಾಗಿವೆ. ಪದ ಕೇಳಿದೊಡನೆ ಮಗು ಚಿತ್ರವನ್ನು ಮುಟ್ಟಿ ತೋರಿಸುವಂತಹ ಪರೀಕ್ಷೆಗಳೂ ಇವೆ. ಅದು ಮೈಸೂರಿನಲ್ಲೇ ಕುಳಿತಿಲ್ಲ. ಹುಲ್ಲಹಳ್ಳಿ, ಅಕ್ಕಿಹೆಬ್ಬಾಳು, ಗುಂಬಳ್ಳಿಯಂತಹ ಹಳ್ಳಿಗಳಲ್ಲಿ ಸೇವಾಕೇಂದ್ರಗಳನ್ನು ತೆರೆದಿದೆ. ಹೊಸೂರಿಗೆ ಮೈಸೂರು ದೂರವೇ, ಒಪ್ಪಿದೆವು. ಆದರೆ ಬೆಂಗಳೂರು ನಲವತ್ತು ಕಿಲೋಮೀಟರು; ಕಾರ್ಖಾನೆಯ ಕೆಲಸಕ್ಕೆಂದು ಈ ಗಡಿಯನ್ನು ಜನ ದಿನವೂ ದಾಟುತ್ತಾರೆ. ಶುದ್ಧ ನಾದಕ್ಕೆ ಭಾಷೆಯಿಲ್ಲವಲ್ಲ, ಅದರಿಂದಲೇ ಪರೀಕ್ಷಿಸಬಹುದಲ್ಲ ಎಂದು ಕೇಳಿದವರಿಗೆ ನಮ್ಮ ಉತ್ತರವಿಷ್ಟೆ: ನಾದಕ್ಕೆ ಭಾಷೆಯಿಲ್ಲ, ‘ನಾದ ಕೇಳಿದಾಗ ಕೈಯೆತ್ತು’ ಎಂದು ಹೇಳುವುದಕ್ಕೆ ಭಾಷೆ ಬೇಕು.

ಸರ್ಕಾರದ ಕಡೆಯಿಂದಲೂ ಏರ್ಪಾಡುಗಳಿವೆ. ಕಿವುಡುತನವನ್ನು ತಡೆಗಟ್ಟುವ ರಾಷ್ಟ್ರೀಯ ಕಾರ್ಯಕ್ರಮ 2006ರಲ್ಲಿ 25 ಜಿಲ್ಲೆಗಳಲ್ಲಿ ಪ್ರಯೋಗವಾಗಿ ಆರಂಭವಾಯಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಯೋಜನೆಯಂತೆ ವೈದ್ಯರ ತಂಡಗಳು ಪಾಠಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ವರ್ಷಕ್ಕೆರಡು ಸಲ ಬರತಕ್ಕದ್ದು. ಅವರು ನೋಡಬೇಕಾದ 30 ದೋಷಗಳ ಪಟ್ಟಿಯಲ್ಲಿ ಡೌನ್ ಲಕ್ಷಣವೂ ಇದೆ, ಹುಟ್ಟು ಕಿವುಡುತನವೂ ಇದೆ. ಇಲ್ಲಿ ನಾವೊಂದು ಮನೆಯ ಗುಟ್ಟನ್ನು ಹೊರಗೆಡಹಬೇಕಾಗಿದೆ. ತಂಡ ಬರುವ ದಿನ ಗೊತ್ತಾದೊಡನೆ ‘ಗಲಾಟೆ ಮಾಡುತ್ತಾನೆ, ನಾಳೆ ಇವನನ್ನು ಕಳುಹಿಸಬೇಡಿ’ ಎಂದು ತಾಯಂದಿರಿಗೆ ಹೇಳಿದ ಉಪಾಧ್ಯಾಯರಿದ್ದಾರೆ. ಯಾರಿಗಾಗಿ ಆ ತಂಡ ಬಂದಿತೋ ಅವನೇ ಅಂದು ಗೈರುಹಾಜರು! ಇದನ್ನು ಯಾವ ಸರ್ಕಾರ ಸರಿಪಡಿಸೀತು?

ಕಿವಿಯ ಆರೈಕೆಯ ಮಾತು ಒಂದಿಷ್ಟು. ಗುಗ್ಗೆ ತೆಗೆಯಲು ಬೆಂಕಿಕಡ್ಡಿ, ತಲೆಯ ಪಿನ್ನು, ಕೋಳಿಯ ಪುಕ್ಕಗಳನ್ನು ಬಳಸುವ ಪದ್ಧತಿ, ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯನ್ನು ಸುರಿಯುವ ಪದ್ಧತಿ ನಮ್ಮಲ್ಲಿ ಇನ್ನೂ ಇವೆ. ತಮಟೆಯಲ್ಲಿ ತೂತಿದ್ದರೆ ಆ ಎಣ್ಣೆ ಒಳಗಿಳಿದು ಕೆಡುಕು ಮಾಡುತ್ತದೆ. ನೋವಾಯಿತೆಂದು ಹೇಳಲಾರದ ಮಗುವಿನ ಕಿವಿಯಲ್ಲಿ ಇಂತಹ ಪ್ರಯೋಗ ಮಾಡುವುದು ಕ್ರೌರ್ಯವೇ ಸರಿ. ವೈದ್ಯರು ದೀಪ ಹಿಡಿದು ನೋಡಿ, ಹನಿಯಿಂದ ಮೆದುಮಾಡಿ ತೆಗೆಯುವ ಕೆಲಸ ಕೆಲವೇ ನಿಮಿಷಗಳದು. ಇನ್ನು, ‘ಶ್ರವಣಯಂತ್ರ ಕೊಟ್ಟರೆ ಕಿತ್ತೆಸೆಯುತ್ತಾರೆ’ ಎಂಬ ದೂರು. ಎಸೆಯದೆ ಏನು ಮಾಡಿಯಾರು? ವರ್ಷಗಟ್ಟಲೆ ನಿಶ್ಶಬ್ದದಲ್ಲಿದ್ದವನ ಕಿವಿಗೆ ಒಮ್ಮೆಗೇ ಇಡೀ ಬಸ್ ನಿಲ್ದಾಣವನ್ನು ತುಂಬಿದರೆ ನಾವಾದರೂ ಕಿತ್ತೆಸೆಯುತ್ತಿದ್ದೆವು. ಮೊದಲ ದಿನ ಐದು ನಿಮಿಷ, ಸದ್ದಿಲ್ಲದ ಕೋಣೆಯಲ್ಲಿ, ಅವನಿಗೆ ಪ್ರಿಯವಾದ ದನಿಯೊಡನೆ, ನಾಳೆ ಹತ್ತು ನಿಮಿಷ, ಹೀಗೆ ರೂಢಿಯಾಗಬೇಕು. ಕಿವಿ ಬೆಳೆದಂತೆ ಅಚ್ಚು ಸಡಿಲವಾಗಿ ಯಂತ್ರ ಸಿಳ್ಳೆ ಹಾಕತೊಡಗುತ್ತದೆ, ಆಗ ಹೊಸ ಅಚ್ಚು ಬೇಕು. ಬ್ಯಾಟರಿ ಮುಗಿದಾಗ ಅವನಾಗಿ ಹೇಳಲಾರ, ನಾವು ನೋಡಬೇಕು. ಕನ್ನಡಕ ಹಾಕಿಕೊಂಡ ಹುಡುಗನ ಮೇಲೆ ಇಡುವ ನಿಗಾ ಇವನ ಮೇಲೂ ಇಟ್ಟರೆ ಸಾಕು.

ಪಾಠಶಾಲೆಯನ್ನು ಬಿಟ್ಟು ಮನೆಯಲ್ಲಿ ಉಳಿದ ದೊಡ್ಡವರನ್ನು ನೆನೆಯುವವರೇ ಇಲ್ಲ. ಡೌನ್ ಲಕ್ಷಣವುಳ್ಳವರ ಕಿವಿಗೆ ಮುಪ್ಪು ಇತರರಿಗಿಂತ ಬಹಳ ಮೊದಲೇ ಬರುತ್ತದೆ. ಮೂವತ್ತೈದು ನಲವತ್ತರ ವಯಸ್ಸಿನ ಮಗನೋ ತಂಗಿಯೋ ಇದ್ದಕ್ಕಿದ್ದಂತೆ ಹಟ ಹಿಡಿದರೆ, ಕರೆದರೆ ಬಾರದಿದ್ದರೆ, ಹಿಂದೆ ಮಾಡುತ್ತಿದ್ದ ಕೆಲಸವನ್ನು ಬಿಟ್ಟರೆ, ಮನೆಯವರು ‘ಬುದ್ಧಿ ಇನ್ನೂ ಕೆಟ್ಟಿತು’ ಎಂದು ದುಃಖಿಸುತ್ತಾರೆ. ಮುದುಕನಾದ ತಂದೆ ಟಿ.ವಿ.ಯ ದನಿಯನ್ನು ಹೆಚ್ಚಿಸಿದರೆ ಕಿವಿಯ ವೈದ್ಯರ ಬಳಿಗೆ ಒಯ್ಯುವ ಅದೇ ಮನೆಯವರಿಗೆ, ಅದೇ ಸೂರಿನ ಕೆಳಗಿರುವ ಇವರ ವಿಷಯದಲ್ಲಿ ಆ ಯೋಚನೆಯೇ ಬಾರದು. ಎರಡೂ ಕಿವಿಗಳೇ ಅಲ್ಲವೇ?

ಬರುವ ಜೂನ್ ತಿಂಗಳಲ್ಲಿ ಪಾಠಶಾಲೆಗಳು ತೆರೆದಾಗ ನಾವು ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ಸೂಚಿಸುತ್ತೇವೆ. ಕಿವಿಯ ಪರೀಕ್ಷೆಯ ದಿನಾಂಕವನ್ನು ಬರೆಯದೆ ಯಾವ ಮಗುವಿನ ಹೆಸರಿನ ಮುಂದೆಯೂ ಬುದ್ಧಿಯ ವಿಷಯವಾಗಿ ಷರಾ ಬರೆಯಬಾರದು; ಹಿಂದೆ ಬರೆದಿರುವ ಕಡೆಗಳಲ್ಲಿ ‘ಕಿವಿ ನೋಡಿಲ್ಲ’ ಎಂದು ಪಕ್ಕದಲ್ಲಿ ಸೇರಿಸಬೇಕು. ಶಿಬಿರಕ್ಕೋ ವೈದ್ಯರ ಮಂಡಳಿಗೋ ಮಗು ಹೋಗುವ ದಿನ ಒಬ್ಬ ಕನ್ನಡ ಉಪಾಧ್ಯಾಯರು ರಜೆ ಹಾಕಿಯಾದರೂ ಜೊತೆಗೆ ಹೋಗಬೇಕು. ಅದು ಸಾಧ್ಯವಾಗದ ದಿನಕ್ಕಾಗಿ ತಾಯಿಯ ಕೈಯಲ್ಲಿ ಒಂದು ಕಾಗದವಿರಲಿ: ಮಗುವಿಗೆ ಮನೆಯಲ್ಲಿ ಬಳಕೆಯಾದ ಇಪ್ಪತ್ತು ಕನ್ನಡ ಪದಗಳು, ಕಿವಿ, ಬಾಯಿ, ಕೂದಲು, ನೀರು, ಮುದ್ದೆ, ಬಾ, ತಾ, ಕೂತುಕೋ ಎಂಬಂತಹವು. ಅವನ್ನು ತಮಿಳು ಲಿಪಿಯಲ್ಲಿ ಬರೆದುಕೊಟ್ಟರೆ ಕನ್ನಡ ಬಾರದ ವೈದ್ಯರೂ ಓದಿ ಹೇಳಬಲ್ಲರು. ಆ ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರವಾದ್ದರಿಂದ ‘ಗಾಡಿ’ ‘ಗಿಳಿ’ಯಂತಹ ಪದಗಳನ್ನು ಬಿಟ್ಟು ಆರಿಸುವುದು ಲೇಸು. ಇಪ್ಪತ್ತು ಪದಗಳ ಇಂತಹ ಪಟ್ಟಿಯೊಂದನ್ನು ನಾವು ಬರೆಯಲು ತೊಡಗಿದ್ದೇವೆ. ಮೊದಲ ಪದವಾಗಿ ‘ಕಿವಿ’ಯನ್ನು ಇಟ್ಟಿದ್ದೇವೆ. ಉಳಿದ ಪದಗಳನ್ನು ಆಯಾ ಹಳ್ಳಿಯ ಮಾತಿಗೆ ತಕ್ಕಂತೆ ಆರಿಸಿ ಕಳುಹಿಸುವ ಕೆಲಸವನ್ನು ಮೇಲಿನ ತರಗತಿಗಳ ವಿದ್ಯಾರ್ಥಿಗಳಿಗೆ ಬಿಟ್ಟಿದ್ದೇವೆ. ತಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಅಂತಹ ಮಗುವಿರುವವರು ಮೊದಲು ಬರೆಯಲಿ.